ಇಂತಿ ನಿಮ್ಮ ಹೀತಚಿಂತಕ

ನಾನು ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವವ. ಮಂದಿಯ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ಕೆಲಸ. ಸ್ವಭಾವವೂ ಹಾಗೇ ಆಗಿಬಿಟ್ಟಿದೆ. ಖಾನಾವಳಿಯಲ್ಲಿ ಕೂತರೆ ರೊಟ್ಟಿ ಬರುವ ಮೊದಲೇ ಗೋಡೆಯ ಮೇಲಿನ ದರಪಟ್ಟಿಯಲ್ಲಿ ಎರಡು ತಪ್ಪು ಹಿಡಿದಿರುತ್ತೇನೆ. ನನ್ನ ಜೊತೆ ಊಟಕ್ಕೆ ಬರುವವರು ಇಲ್ಲವಾದದ್ದಕ್ಕೆ ಇದೂ ಒಂದು ಕಾರಣ ಇದ್ದೀತು. ಮದುವೆಯಾಗಲಿಲ್ಲ. ಒಂದು ಖೋಲಿ, ಒಂದು ಮಂಚ, ರವಿವಾರ ಬಂದರೆ ಬಾಯಿ ಬಿಚ್ಚುವ ಪ್ರಸಂಗವೇ ಇರುವುದಿಲ್ಲ.

ಕಳೆದ ತಿಂಗಳು ಇಳಕಲ್ಲಿನಿಂದ ಒಂದು ಸ್ಮರಣ ಸಂಚಿಕೆಯ ಬರಹಗಳ ಕಟ್ಟು ಬಂತು. ಅಲ್ಲಿಯ ಪ್ರಾಥಮಿಕ ಶಾಲೆಯ ಹಳೆಯ ಮಾಸ್ತರೊಬ್ಬರು ತೀರಿಕೊಂಡಿದ್ದರು. ಅವರ ಕೈಯಲ್ಲಿ ಕಲಿತವರೆಲ್ಲ ಸೇರಿ ನೆನಪು ಬರೆದಿದ್ದರು. ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ಲೇಖನದಲ್ಲೇ ‘ಹೀತಚಿಂತಕರು’ ಎಂದಿತ್ತು. ಹಿತಕ್ಕೆ ದೀರ್ಘ ಎಲ್ಲಿಂದ ಬಂತು ಎಂದು ಗೊಣಗುತ್ತ ಹೊಡೆದುಹಾಕಿದೆ. ಪುಟ ತಿರುವಿದೆ. ಎರಡನೆಯದರಲ್ಲೂ ‘ಹೀತ’. ನಾಲ್ಕನೆಯದರಲ್ಲಿ ‘ಹೀತೈಷಿ’. ಈಗ ನರ್ಸ್ ಆಗಿರುವ ಹೆಣ್ಣುಮಗಳೊಬ್ಬಳು ಕಾರಣವನ್ನೂ ಬರೆದಿದ್ದಳು: ಹಿತ ಬಯಸುವುದು ದೊಡ್ಡ ಗುಣ, ಅದರಲ್ಲಿ ಜಿಪುಣತನ ಬೇಡ, ದೀರ್ಘ ಕೊಡಿ ಎಂದು ಮಾಸ್ತರು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರಂತೆ.

ಆ ದೀರ್ಘವನ್ನು ಸಾಕ್ಷಿ ಮಾಡಿಕೊಂಡು ನಾನು ಇಪ್ಪತ್ತಾರು ವರ್ಷದ ಹಿಂದೆ ಗೆಳೆಯನೊಬ್ಬನನ್ನು ಬಿಟ್ಟಿದ್ದೆ.

ನಾನು ಏಳನೆಯ ಇಯತ್ತೆಯವರೆಗೆ ಕೆರೂರಿನಲ್ಲಿ ಓದಿ, ಅಪ್ಪನಿಗೆ ವರ್ಗವಾದ ಮೇಲೆ ಇಳಕಲ್ಲಿಗೆ ಬಂದವ. ಹೈಸ್ಕೂಲಿನಲ್ಲಿ ಪಕ್ಕ ಕೂತವನೇ ಗೆಳೆಯನಾದ. ಅವನು ಯಾವಾಗಲೂ ‘ಹೀತಚಿಂತಕ’ ಎಂದೇ ಬರೆಯುವವ. ತಿದ್ದಿದರೆ ನಕ್ಕು ಮತ್ತೆ ಅದನ್ನೇ ಬರೆಯುವವ. ಉಳಿದವರ ವಹಿ ನಾನು ತೆರೆದು ನೋಡಿದವನಲ್ಲ, ಹಾಗಾಗಿ ಅದು ಅವನೊಬ್ಬನ ತಪ್ಪು ಎಂದೇ ತಿಳಿದಿದ್ದೆ. ಒಂಬತ್ತನೆಯ ಇಯತ್ತೆಯಲ್ಲಿ ನನಗೊಮ್ಮೆ ಮೂರ್ಛೆ ಬಂತು. ಶಾಲೆಯ ಮೆಟ್ಟಿಲು ಹತ್ತಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಆಟದ ಸಾಮಾನು ಇಡುವ ಖೋಲಿಯಲ್ಲಿ ಮಲಗಿದ್ದೆ. ನನ್ನ ಮುಷ್ಟಿಯಲ್ಲಿ ಬೀಗದ ಕೈ ಹಿಡಿಸಿ ಅವನೊಬ್ಬನೇ ಕೂತಿದ್ದ. ಯಾರಿಗೂ ಹೇಳಬೇಡ ಎಂದೆ. ತಲೆಯಾಡಿಸಿದ. ಆಮೇಲೆ ಶಾಲೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಮುಂದೆ ಚೊಳಚಗುಡ್ಡದಲ್ಲಿ ನನಗೆ ಹೆಣ್ಣು ಗೊತ್ತಾಯಿತು. ಹುಡುಗಿಯ ತಂದೆಗೆ ಅಲ್ಲೇ ಬನಶಂಕರಿ ಗುಡಿಯ ಮುಂದೆ ಕಾಯಿ-ಕರ್ಪೂರದ ಅಂಗಡಿ. ನಿಶ್ಚಯಕ್ಕೆ ಎಂಟು ದಿನ ಇರುವಾಗ ಅವರು ನನ್ನನ್ನು ಕರೆಸಿ, ಮಾತಿಲ್ಲದೆ ಒಂದು ಇನ್‌ಲ್ಯಾಂಡ್ ಪತ್ರ ಕೈಗಿಟ್ಟರು. ಹುಡುಗನಿಗೆ ಮೂರ್ಛೆ ರೋಗವಿದೆ, ನಿಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದು ಬೇಕಂತಲೇ ಸೊಟ್ಟಗೆ ಬರೆದ ಅಕ್ಷರಗಳು. ಕೊನೆಗೆ ಹೆಸರಿಲ್ಲ, ‘ಇಂತಿ ನಿಮ್ಮ ಹೀತಚಿಂತಕ’ ಎಂದಷ್ಟೇ. ನನ್ನ ಮೂರ್ಛೆ ಕಂಡವ ಅವನೊಬ್ಬ, ಆ ದೀರ್ಘ ಎಳೆಯುವವನೂ ಅವನೊಬ್ಬ. ನನಗೆ ಇನ್ನೇನು ಬೇಕಿತ್ತು?

ಅಂದೇ ಸಂಜೆ ಇಳಕಲ್ಲಿನ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ, ಕಿಕ್ಕಿರಿದ ಮಂದಿಯ ನಡುವೆ, ಅವನ ಕೊರಳಪಟ್ಟಿ ಹಿಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಬರೆದಿಲ್ಲ ಎಂದು ಅವನು ಒಂದೇ ಸಲ ಹೇಳಿದ, ಮತ್ತೆ ತುಟಿ ಬಿಚ್ಚಲಿಲ್ಲ. ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಸಂಬಂಧ ಮುರಿಯಿತು. ತಿಂಗಳೊಳಗೆ ಊರು ಬಿಟ್ಟೆ. ಅವನ ತಾಯಿ ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಆಕೆಯ ಕೈಯ ರೊಟ್ಟಿ ವರ್ಷಗಟ್ಟಲೆ ತಿಂದವ ನಾನು. ಚೊಳಚಗುಡ್ಡದ ಹುಡುಗಿಯ ಮುಖ ಬೇಗನೆ ಮರೆತುಹೋಯಿತು. ಅವನ ಮೇಲಿನ ಸಿಟ್ಟು ಮಾತ್ರ ನನ್ನ ಖೋಲಿಯಲ್ಲೇ ನನ್ನ ಜೊತೆ ಸಂಸಾರ ಹೂಡಿತು.

ಸಂಚಿಕೆಯ ಕೊನೆಯಲ್ಲಿ ಸಹಾಯ ಮಾಡಿದವರ ಪಟ್ಟಿಯಿತ್ತು. ಅದರಲ್ಲಿ ಅವನ ಹೆಸರು, ಪಕ್ಕದಲ್ಲಿ ಬೈಕ್ ಸೀಟ್ ಕವರ್ ಅಂಗಡಿ ಎಂದು. ರಜೆ ಹಾಕಿ ಬಸ್ಸು ಹತ್ತಿದೆ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಹುನಗುಂದ ದಾಟುವ ಹೊತ್ತಿಗೆ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ತಿದ್ದಿದ್ದೆ. ಇಳಕಲ್ಲಿನಲ್ಲಿ ಇಳಿದರೆ ನನ್ನ ಗುರುತು ಹಿಡಿಯುವ ಒಂದು ಮುಖವಿಲ್ಲ. ಚಹಾದಂಗಡಿ ಇದ್ದಲ್ಲಿ ಮೊಬೈಲ್ ಅಂಗಡಿ. ಅಲ್ಲಿದ್ದವನನ್ನು ದಾರಿ ಕೇಳಿದೆ. ನೀವು ಅವರ ಬೀಗರೇನು ಎಂದು ಕೇಳಿದ. ಅಲ್ಲ, ಗಿರಾಕಿ ಎಂದೆ.

ಅವನು ಸೀಟಿನ ಮೇಲೆ ರೆಕ್ಸಿನ್ ಎಳೆದು ಪಿನ್ನು ಹೊಡೆಯುತ್ತಿದ್ದ. ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ನೋಡಿ ಬೈಯಲಿಲ್ಲ, ಬೆನ್ನು ತಿರುಗಿಸಲಿಲ್ಲ. ಬರ್ರಿ, ಕೂಡ್ರಿ ಎಂದು ಸ್ಟೂಲಿನ ಧೂಳು ಒರೆಸಿ ಕೊಟ್ಟ. ಹಿಂದೆ ಒಬ್ಬರನ್ನೊಬ್ಬರು ಲೇ ಎಂದಲ್ಲದೆ ಕರೆದವರೇ ಅಲ್ಲ ನಾವು. ಎರಡು ಬಾರಿಸಿದ್ದರೂ ಸಹಿಸುತ್ತಿದ್ದೆ, ಆ ಗೌರವ ಸಹಿಸಲಾಗಲಿಲ್ಲ.

ಮಾಸ್ತರರ ಸಂಚಿಕೆಯ ಕತೆ ಹೇಳಿದೆ. ಊರಿನ ಅರ್ಧ ಮಂದಿ ಹಾಗೇ ಬರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದೆ. ಅವನು ಕೆಲಸ ಮಾಡುತ್ತಲೇ ಕೇಳಿದ. ಆದರೆ ಮೂರ್ಛೆಯ ಸಂಗತಿ ನಿನಗೊಬ್ಬನಿಗೇ ಗೊತ್ತಿತ್ತಲ್ಲ, ಅದಕ್ಕೇ ನನ್ನ ಬುದ್ಧಿ ಕೆಟ್ಟಿತು ಎಂದೂ ಸೇರಿಸಿದೆ. ತಪ್ಪೊಪ್ಪಿಕೊಳ್ಳಲು ಹೋದವನು ಅಲ್ಲೂ ಅರ್ಧ ಹೊರೆ ಅವನ ತಲೆಗೇ ಕಟ್ಟಿದೆ. ಅವನ ಕೈ ನಿಂತಿತು.

“ನೀವು ಬಿದ್ದದ್ದು ಪ್ರಾರ್ಥನಾದಾಗ್ರಿ, ಮೊದಲನೇ ಲೈನಿನ್ಯಾಗ,” ಅಂದ. “ಮಾಸ್ತರು, ಹುಡುಗರು, ಇಡೀ ಸಾಲಿ ನೋಡೈತಿ. ನಿಮಗ ಎಚ್ಚರ ಆಗೂದ್ರಾಗ ಹೊತಗೊಂಡು ಖೋಲ್ಯಾಗ ಮಲಗಿಸಿ, ಎಲ್ಲಾರ್ನೂ ನಾನ ಹೊರಗ ಕಳಿಸಿದ್ದೆ. ಯಾರರ ಬಾಯಿ ಬಿಟ್ರ ನೋಡ್ರಿ ಮತ್ತ ಅಂತ ಹೇಳಿದ್ದೆ.”

ನನ್ನ ಮಾನ ಕಾಯಲು ಅವನು ಮಾಡಿದ್ದನ್ನೇ ನಾನು ಅವನ ವಿರುದ್ಧ ಸಾಕ್ಷಿ ಮಾಡಿದ್ದೆ. ಅವತ್ತು ಚಹಾದಂಗಡಿಯಲ್ಲಿ ಇಷ್ಟು ಹೇಳಿದ್ದರೆ ಸಾಕಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅಷ್ಟು ಮಂದಿ ಕೂತಿದ್ರು. ಅವರ ಮುಂದ ನಿಮ್ಮ ಬ್ಯಾನಿ ಮಾತು ಹ್ಯಾಂಗ ಆಡ್ಲಿ?”

ಚಹಾ ತರಿಸಿದ. ಮಗಳನ್ನು ಬಾಗಲಕೋಟೆಯ ನವನಗರಕ್ಕೆ ಕೊಟ್ಟಿದ್ದೇನೆ ಎಂದ. ನನ್ನ ಬಗ್ಗೆ ಏನೂ ಕೇಳಲಿಲ್ಲ. ಆ ಪತ್ರ ಬರೆದವರು ಯಾರಿರಬಹುದು ಎಂದು ನಾನೂ ಕೇಳಲಿಲ್ಲ, ಅದು ಈಗ ನನಗೆ ಬೇಕಾಗಿರಲಿಲ್ಲ. ತಪ್ಪಾಯಿತು, ಹೊಟ್ಟೆಗೆ ಹಾಕಿಕೋ ಎಂದೆ. ಆತು ಬಿಡ್ರಿ, ಭಾಳ ದಿನದ ಮಾತು ಎಂದ. ಖರೆಯಾಗಿಯೂ ಬಿಟ್ಟಿದ್ದ, ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಸಿಟ್ಟಾದರೂ ಉಳಿದಿದ್ದರೆ ಅವನಲ್ಲಿ ನನಗೆ ಇನ್ನೂ ಒಂದಿಷ್ಟು ಜಾಗ ಇದೆ ಎಂದುಕೊಳ್ಳುತ್ತಿದ್ದೆ.

ಬಸ್ಸಿನ ಹೊತ್ತಾಗಿತ್ತು. ಏಳುವಾಗ ತಡೆಯಲಾರದೆ ಅವನ ಕೈ ಹಿಡಿದೆ.

“ಮೊದಲಿನಂಗ ಒಮ್ಮೆ ಲೇ ಅನ್ನು. ಈ ರೀ ಬ್ಯಾಡ.”

ಅನ್ನಬೇಕೆಂದು ಬಾಯಿ ತೆರೆದ. ಆಮೇಲೆ ಸಂಕೋಚದಿಂದ ನಕ್ಕ.

“ರೂಢಿ ತಪ್ಪೈತ್ರಿ,” ಅಂದ.