ಮಹಾ ಫಲಾನುಭವಿ ತಿರಕಪ್ಪ

ಕಣ್ಣು ಮಿಟುಕಿಸುವುದು ಸಾಮಾನ್ಯರ ದೌರ್ಬಲ್ಯ. ತಿರಕಪ್ಪನಿಗೆ ಅದಿಲ್ಲ. ಎದುರಿಗೆ ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಅವನ ಎರಡೂ ಕೈಗಳು ತಾವಾಗಿ ಮುಂದೆ ಚಾಚಿಕೊಳ್ಳುತ್ತವೆ, ರೆಪ್ಪೆಗಳು ನಿಂತಲ್ಲೇ ನಿಲ್ಲುತ್ತವೆ. ಬಿಸಿಲು ಬಡಿಯಲಿ, ಬ್ಯಾಡಗಿಯ ಮೆಣಸಿನಕಾಯಿ ಲಾರಿ ಮಗ್ಗುಲಲ್ಲೇ ಹಾದುಹೋಗಲಿ, ಅವು ಅಲುಗುವುದಿಲ್ಲ. ಗುತ್ತಲದ ಒಂದು ಸಮಾರಂಭದಲ್ಲಿ ಫೋಟೋ ಹೊಡೆಯುವ ಹೊತ್ತಿಗೇ ವೇದಿಕೆಯ ಹಲಗೆ ಮುರಿದು ಗಣ್ಯರೆಲ್ಲ ಜಮಖಾನೆಯ ಮೇಲೆ ಉರುಳಿದರಂತೆ. ಆ ಫೋಟೋವನ್ನು ಕಂಡವರು ಈಗಲೂ ಹೇಳುತ್ತಾರೆ: ಸುತ್ತಲೂ ಬರೀ ಕಾಲುಗಳು, ನಡುವೆ ಕಣ್ಣರಳಿಸಿ ಕಂಬಳಿ ಸ್ವೀಕರಿಸುತ್ತ ನಿಂತ ತಿರಕಪ್ಪ. ಕೊಡುವವರು ನೆಲ ಕಂಡಿದ್ದರು, ತೆಗೆದುಕೊಳ್ಳುವವನು ಮಾತ್ರ ಕರ್ತವ್ಯದಿಂದ ಕದಲಿರಲಿಲ್ಲ.

ಈ ಮಹಾಪುರುಷ ಮಿಕ್ಕ ಹೊತ್ತಿನಲ್ಲಿ ಕದರಮಂಡಲಗಿಯ ಹಾದಿಯಲ್ಲಿರುವ ಒಂದು ಸಣ್ಣ ಹಳ್ಳಿಯಲ್ಲಿ ಚಹಾ ಮಾರುತ್ತಾನೆ. ಐವತ್ತು ದಾಟಿದ ವಯಸ್ಸು, ಬಿಳಿ ಧೋತರ, ತಲೆಗೆ ರುಮಾಲು. ಕಣ್ಣು, ಕಿವಿ, ಕಾಲು ಎಲ್ಲ ಗಟ್ಟಿ. ಅವನು ಕೀರ್ತಿಶಿಖರ ಏರಿದ್ದಕ್ಕೆ ಕಾರಣ ರಾಣೆಬೆನ್ನೂರಿನ ಹತ್ತಿರ, ಹೆದ್ದಾರಿಯ ಪಕ್ಕದಲ್ಲಿ ತಲೆ ಎತ್ತಿದ ಒಂದು ಔಷಧ ಕಂಪನಿ.

ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂದು ಕಾನೂನಿದೆ. ಅದಕ್ಕೆ ಸಾಮಾಜಿಕ ಹೊಣೆಗಾರಿಕೆ ಎನ್ನುತ್ತಾರೆ. ಹೊಣೆ ಎಂದ ಮೇಲೆ ಹೊರಲು ಒಂದು ಹೆಗಲು ಬೇಕು. ಕಂಪನಿ ರಾಣೆಬೆನ್ನೂರಿನ ಕಿರಣಕುಮಾರನ ಹೆಗಲನ್ನು ಸಂಬಳಕ್ಕೆ ಹಿಡಿಯಿತು. ಏನು ಕೊಡಬೇಕು, ಯಾವತ್ತು ಕೊಡಬೇಕು ಎಂಬುದೆಲ್ಲ ಮುಂಬಯಿಯಲ್ಲಿ ತೀರ್ಮಾನವಾಗುತ್ತಿತ್ತು. ದುಡ್ಡು ಮಾರ್ಚಿನೊಳಗೆ ಖರ್ಚಾಗಬೇಕು, ಕಂಪನಿಯ ಯಜಮಾನರಿಗೆ ಗುರುವಾರ ಶುಭ. ಹೀಗಾಗಿ ಮೆಣಸಿನಕಾಯಿ ಸುಗ್ಗಿಯ ಗುರುವಾರಗಳಂದು ದಾನಕಾರ್ಯಗಳು ನಡೆದವು.

ಬ್ಯಾಡಗಿ ಸುತ್ತಿನ ಮಗುವಿಗೂ ಗೊತ್ತಿರುವ ಸಂಗತಿ ಮುಂಬಯಿಗೆ ಗೊತ್ತಿರಲಿಲ್ಲ. ಸುಗ್ಗಿಯ ಗುರುವಾರ ಬ್ಯಾಡಗಿಯಲ್ಲಿ ಮಾರುಕಟ್ಟೆ. ಮೆಣಸಿನಕಾಯಿ ಇದ್ದವರು ಮಾರಲು ಹೋಗುತ್ತಾರೆ, ಇಲ್ಲದವರು ಚೀಲ ಎತ್ತಲು, ತೊಟ್ಟು ಬಿಡಿಸಲು ಹೋಗುತ್ತಾರೆ. ಊರೆಲ್ಲ ಬೀಗ. ಕಿರಣಕುಮಾರನಿಗೆ ಇದು ಗೊತ್ತಿತ್ತು. ಆದರೆ ಯಜಮಾನರ ಶುಭದಿನವನ್ನು ಬದಲಿಸಿರೆಂದು ಹೇಳುವ ಅಧಿಕಾರ ಅವನ ಹುದ್ದೆಯಲ್ಲಿ ಇರಲಿಲ್ಲ. ಹೀಗಾಗಿ ಪ್ರತಿ ಸಮಾರಂಭದಲ್ಲೂ ವೇದಿಕೆ ತುಂಬಿ ತುಳುಕುತ್ತಿತ್ತು, ಎದುರಿನ ಕುರ್ಚಿಗಳು ಖಾಲಿ. ಒಂದು ಕೋಲನ್ನು ಹಿಡಿದು ಕೊಡಲು ಅಷ್ಟೊಂದು ಗಣ್ಯರ ಕೈಗಳು ಕಾದಿರುವಾಗ ತೆಗೆದುಕೊಳ್ಳಲು ಒಂದು ಕೈಯೂ ಇಲ್ಲವೆಂದರೆ ಹೇಗೆ?

ಗಿರಾಕಿಗಳೆಲ್ಲ ಮಾರುಕಟ್ಟೆಗೆ ಹೋದ ಗುರುವಾರ ತಿರಕಪ್ಪನ ಒಲೆಗೂ ಬಿಡುವು. ಆ ಕೈ ಅವನದಾಯಿತು. ತನ್ನೂರಿನ ಸಮಾರಂಭಕ್ಕಷ್ಟೇ ಅಲ್ಲ, ಬಸ್ಸು ಹತ್ತಿ ಗುತ್ತಲಕ್ಕೂ ಹೋದ, ಗಳಗನಾಥಕ್ಕೂ ಹೋದ. ಕಂಬಳಿ ಪಡೆದ, ಕನ್ನಡಕ ಪಡೆದ, ಕೋಲು ಪಡೆದ, ಕಿವಿಯ ಮಷಿನ್ ಪಡೆದ, ಒಮ್ಮೆ ಆಯೋಜಕರ ಅವಸರದಲ್ಲಿ ಶಾಲೆಯ ಚೀಲವನ್ನೂ ಪಡೆದ. ಕೋಲು ಪಡೆದವನಿಗೆ ಕಾಲುನೋವು ಇರಲೇಬೇಕು ಎಂಬುದು ಕಿರಣಕುಮಾರನ ತರ್ಕ. ಆ ಪ್ರಕಾರ ಫೋಟೋಗಳ ಕೆಳಗೆ ಬರೆದು ಮುಂಬಯಿಗೆ ಕಳಿಸಿದ: ದೃಷ್ಟಿದೋಷವುಳ್ಳ ರೈತ, ಶ್ರವಣದೋಷವುಳ್ಳ ಹಿರಿಯರು, ನಡೆಯಲಾರದ ಕೂಲಿಕಾರ. ಶಾಲೆಯ ಚೀಲದ ಫೋಟೋಕ್ಕೆ ‘ಹೆಮ್ಮೆಯ ಪೋಷಕ’ ಎಂದು ಬರೆದ. ಕಂಪನಿಯ ವರದಿಯಲ್ಲಿ ತಿರಕಪ್ಪ ಒಂದು ಜನಾಂಗವಾಗಿ ಬೆಳೆದ.

ಎಲ್ಲ ಸುಸೂತ್ರವಾಗಿದ್ದಾಗ ಕಂಪನಿಗೆ ನೈತಿಕತೆ ಹುಟ್ಟಿತು. ಮುಂಬಯಿಯಲ್ಲಿ ನೈತಿಕ ಆಡಳಿತ ವಿಭಾಗವೆಂಬುದನ್ನು ತೆರೆದರು. ಅದರ ಅಧಿಕಾರಿ, ಬೆಂಗಳೂರಿನ ಕಡೆಯ ಸುಶ್ಮಿತಾ ಎಂಬ ಹೆಣ್ಣುಮಗಳು, ಫಲಾನುಭವಿಗಳನ್ನು ಕಣ್ಣಾರೆ ಕಂಡು ಮಾತಾಡಿಸಲು ಬರುತ್ತೇನೆಂದು ತಿಳಿಸಿದಳು. ಸುಳ್ಳು ಫಲಾನುಭವಿ ಒಬ್ಬನೇ ಒಬ್ಬ ಸಿಕ್ಕರೂ ಸಂಬಂಧಪಟ್ಟವರು ಮನೆಗೆ ಹೋಗಬೇಕು. ಸಂಬಂಧಪಟ್ಟವನು ಕಿರಣಕುಮಾರನೊಬ್ಬನೇ. ಬರುವ ದಿನ ಗುರುವಾರ.

ಬುಧವಾರ ಸಂಜೆಯೇ ಅವನು ಚಹಾದಂಗಡಿಗೆ ಓಡಿಬಂದ.

“ಕಾಕಾ, ನಾಳೆ ಒಂದಿನ ಎಲ್ಲಿಯರೆ ಹೋಗಿ ಬರ್ರಿ. ಗಳಗನಾಥಕ್ಕ ಹೋಗ್ರಿ, ಹೊಳಿ ದಂಡಿಗೆ ಕುಂದ್ರಿ, ಗುಡಿ ನೋಡ್ರಿ.”

“ಅಲ್ಲೇನರೆ ಕೊಡಾಕತ್ತಾರೇನ್ರಿ?” ಎಂದ ತಿರಕಪ್ಪ.

“ಏನೂ ಕೊಡಂಗಿಲ್ಲ.”

“ಮತ್ತ್ಯಾಕ ಹೋಗೂದ್ರಿ?”

ಒಳಗಿನಿಂದ ಹೆಂಡತಿ ಕರೆವ್ವ ಹೇಳಿದಳು: “ಕೊಡದಿದ್ದಲ್ಲಿ ಅವರಿಗೇನ ಕೆಲಸ್ರಿ ಸಾಹೇಬ್ರ? ಆ ಕೋಲು ತಂದಾರ, ಅದಕ್ಕ ಹೀರಿಬಳ್ಳಿ ಹಬ್ಬಿಸೇನಿ. ಕಿವಿ ಮಷಿನ್ ತಂದಾರ, ನಾ ಒದರಿದ್ದು ಮಾತ್ರ ಇವತ್ತಿಗೂ ಅವರ ಕಿವಿಗೆ ಬಿದ್ದಿಲ್ಲ.”

“ಅಕ್ಕಾರ, ಚ್ಯಾಷ್ಟಿ ಮಾಡಬ್ಯಾಡ್ರಿ. ಇವರು ಆ ಮೇಡಂ ಕಣ್ಣಿಗೆ ಬಿದ್ರ ನನ್ನ ನೌಕರಿ ಖರೇನ ಹೋಕ್ಕೈತಿ.”

ತಿರಕಪ್ಪ ಅವನಿಗೊಂದು ಚಹಾ ಕೊಟ್ಟು ಸಮಾಧಾನ ಹೇಳಿದ: “ಅದಕ್ಕ ಊರು ಬಿಟ್ಟು ಯಾಕ ಹೋಗಬೇಕ್ರಿ. ಇಲ್ಲೇ ಸುಮ್ನ ಕುಂದ್ರತೇನಿ. ನನ್ನ ಮಾರಿ ಯಾರಿಗೆ ನೆನಪಿರತೈತಿ.”

ಕಂಪನಿಯ ಯಜಮಾನರಿಗಿಂತ ಹೆಚ್ಚು ಸಲ ವರದಿಯಲ್ಲಿ ಅಚ್ಚಾದ ಮುಖ ಈ ಮಾತು ಹೇಳಿತು.

ಗುರುವಾರ ಕಾರು ಬಂದು ನಿಂತಾಗ ಊರಲ್ಲಿ ನಾಯಿಗಳ ಹೊರತು ಯಾರೂ ಇರಲಿಲ್ಲ. ಸುಶ್ಮಿತಾ ಬೀಗ ಹಾಕಿದ ಮನೆಗಳ ಮುಂದೆ ನಡೆದಳು. ಕಿರಣಕುಮಾರ ಬೆವರುತ್ತ ಹಿಂದೆ ನಡೆದ.

“ಶ್ರವಣದೋಷ ಇರುವ ಹಿರಿಯರು ಎಲ್ಲಿ?”

“ಬ್ಯಾಡಗಿ ಮಾರ್ಕೆಟ್ಟಿಗೆ ಹೋಗ್ಯಾರ್ರಿ ಮೇಡಂ.”

“ನಡೆಯೋಕಾಗದವರು?”

“ಅವರೂ ಹೋಗ್ಯಾರ್ರಿ.”

“ಕಣ್ಣು ಕಾಣಿಸದವರು?”

“ಅವರನ್ನ ನಡಿಯಾಕ ಆಗದವರು ಕೈಹಿಡಿದು ಕರ್ಕೊಂಡು ಹೋಗ್ಯಾರ್ರಿ.”

ಬಿಸಿಲು ಜೋರಾಗಿತ್ತು, ತೆರೆದಿದ್ದ ಬಾಗಿಲು ಒಂದೇ. ಸುಶ್ಮಿತಾ ಹೋಗಿ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಳು. ತಿರಕಪ್ಪ ಕೊಟ್ಟ ಮಾತಿನಂತೆ ತಲೆ ತಗ್ಗಿಸಿ, ರುಮಾಲನ್ನು ಹಣೆಯವರೆಗೆ ಎಳೆದುಕೊಂಡು ಚಹಾ ಸೋಸಿದ. ಕಿರಣಕುಮಾರ ಮೆಲ್ಲಗೆ ಉಸಿರು ಬಿಟ್ಟ. ಇನ್ನೇನು ಗಂಡಾಂತರ ಕಳೆಯಿತು ಎನ್ನುವಷ್ಟರಲ್ಲಿ, ಖಾಲಿ ಬೀದಿಯ ಒಂದು ಫೋಟೋ ಇರಲಿ ಎಂದು ಸುಶ್ಮಿತಾ ಮೊಬೈಲ್ ಎತ್ತಿದಳು.

ಸಾಧಕರಿಗೆ ದೇಹ ತಮ್ಮ ಅಧೀನದಲ್ಲಿ ಇರುವುದಿಲ್ಲ. ತಿರಕಪ್ಪನ ತಲೆ ಮೇಲೆದ್ದಿತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣರಳಿಸಿ, ರೆಪ್ಪೆ ಬಡಿಯದೆ ಅವನು ಸ್ವೀಕಾರದ ಭಂಗಿಯಲ್ಲಿ ನಿಂತುಬಿಟ್ಟ. ಆ ಭಂಗಿಯನ್ನು ಸುಶ್ಮಿತಾ ಕಂಡಿದ್ದಳು. ಮೊಬೈಲಿನಲ್ಲಿದ್ದ ವರದಿ ತೆರೆದಳು.

“ಈ ದೃಷ್ಟಿದೋಷದ ರೈತ ನೀವಾ?”

“ಹೌದ್ರಿ.”

“ಈ ಕೂಲಿಕಾರ?”

“ಅದೂ ನಾನ ರೀ. ಗುತ್ತಲದಾಗ ತಗದದ್ದು. ಚೊಲೋ ಬಂದೈತಿ.”

“ನಿಮಗೆ ಕಿವಿ ಕೇಳಲ್ವಾ?”

“ಕೇಳ್ತಾವ್ರಿ. ಮಷಿನ್ ಹಾಕ್ಕೊಂಡಾಗ ಒಂದೀಟು ಮಂದ ಆಗಿದ್ದುವು, ತಗದ ಮ್ಯಾಲ ಸರಿ ಆದುವು.”

ಸುಶ್ಮಿತಾಳ ಕಣ್ಣಲ್ಲಿ ನೈತಿಕ ಆಡಳಿತ ಬೆಳಗಿತು. ಇದು ಒಂದು ಜಾಲ, ಇದರ ಹಿಂದೆ ದಲ್ಲಾಳಿಗಳಿದ್ದಾರೆ, ಈ ಬಡಪಾಯಿಯನ್ನು ಬೆದರಿಸಿ ವೇದಿಕೆ ಹತ್ತಿಸಿದ್ದಾರೆ ಎಂಬುದು ಅವಳಿಗೆ ಖಚಿತವಾಯಿತು. ಕಿರಣಕುಮಾರನನ್ನು ದೂರ ನಿಲ್ಲಲು ಹೇಳಿದಳು. ಯಾರೂ ಇಲ್ಲದ ಊರಿನಲ್ಲಿ ಯಾರಿಗೂ ಕೇಳಿಸದಂತೆ ದನಿ ತಗ್ಗಿಸಿದಳು.

“ನೋಡಿ, ಹೆದರಬೇಡಿ. ನಿಮ್ಮ ಹೆಸರು ಎಲ್ಲೂ ಹೊರಗೆ ಬರಲ್ಲ. ಸತ್ಯ ಹೇಳಿದವರಿಗೆ ನಮ್ಮ ಕಂಪನಿ ರಕ್ಷಣೆ ಕೊಡುತ್ತೆ. ಪ್ರತಿ ಸಲ ನಿಮ್ಮನ್ನ ಅಲ್ಲಿಗೆ ಕರೆಸಿದ್ದು ಯಾರು? ಏನು ಆಸೆ ತೋರಿಸಿ ಕರೆಸಿದ್ರು?”

ಬೇವಿನ ಮರದ ಕೆಳಗೆ ನಿಂತ ಕಿರಣಕುಮಾರ ಕಣ್ಣು ಮುಚ್ಚಿಕೊಂಡ. ಒಂದು ಹೆಸರು ಬಾಯಿಂದ ಬಿದ್ದರೆ ಅವನ ನೌಕರಿ ಮುಗಿಯಿತು. ತಿರಕಪ್ಪ ಒಲೆಯ ಉರಿ ಸಣ್ಣ ಮಾಡಿ, ಕೈ ಒರೆಸಿಕೊಂಡು ಹೇಳಿದ:

“ಯಾರೂ ಕರಸಿಲ್ರಿ ಮೇಡಂ, ನಾನ ಹೋಗಿದ್ದೆ. ಔಷಧದ ಕಂಪನಿಯವರು ಕೊಡಾಕತ್ತಾರ ಅಂದ್ರು. ನಮ್ಮಾಕಿಗೆ ಬಿ.ಪಿ. ಐತಿ, ಗುಳಿಗಿ ಕೊಟ್ಟಾರು ಅಂತ ಹೋದೆ. ಪ್ರತಿ ಸಲಾನೂ ಬ್ಯಾರೆ ಏನರೆ ಕೊಟ್ಟು ಕಳಿಸ್ತಾರ.”