ವಿಮಾನ ಬಿಡಿಸಿ ದೋಣಿ ಹತ್ತಿಸಿದ ವಸಂತಮ್ಮ

ಬಾಳೂರಿನ ವಸಂತಮ್ಮನಿಗೆ ಆಕಾಶವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಆನೆ ಕಾಫಿ ತೋಟಕ್ಕೆ ನುಗ್ಗಿದಾಗ ಜಾಗಟೆ ಬಡಿದು ಓಡಿಸಿದ ಹೆಂಗಸು ಅವಳು. ಆದರೆ ಭಾನುವಾರ ಗಂಡ ಮಲ್ಲಿಕಾರ್ಜುನ ಬಯಲುಸೀಮೆಯ ಫ್ಲೈಯಿಂಗ್ ಕ್ಲಬ್ಬಿನ ಕಡೆ ಜೀಪು ತಿರುಗಿಸಿದರೆ ಸಾಕು, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಕಾಫಿ ದರ ಏರಿದಾಗ ಹತ್ತಿದ ಹುಚ್ಚು ಅದು. ಇಬ್ಬರು ಕೂರುವ ಪುಟ್ಟ ವಿಮಾನ, ಹಾರಿಸುವವನು ಅವನೇ. ಅವನು ಇಳಿದು ಫೋನ್ ಮಾಡುವ ತನಕ ಇವಳು ನೀರೂ ಮುಟ್ಟುತ್ತಿರಲಿಲ್ಲ.

“ರೀ, ಕೆಟ್ಟೋದ್ರೆ ಬಸ್ಸಾದ್ರೂ ರಸ್ತೇಲಿ ನಿಲ್ಲುತ್ತೆ. ಅದು ಎಲ್ಲಿ ನಿಲ್ಲುತ್ತೆ?”

“ಬೆಲ್ಟು, ಪೆಟ್ರೋಲು, ಗಾಳಿ ಎಲ್ಲಾ ನೋಡ್ದೆ ನಾನು ಹತ್ತೋದೇ ಇಲ್ಲ ಮಾರಾಯ್ತಿ.”

ಕೇಳುವವರು ಯಾರು! ಅತ್ತು, ಕರೆದು, ಮಾತು ಬಿಟ್ಟು ಕೊನೆಗೂ ವಿಮಾನ ಬಿಡಿಸಿ ಗೆದ್ದಳು. ಆಟ ಬೇಕಿದ್ದರೆ ತೋಟದ ಕೆರೆಯಲ್ಲಿ ದೋಣಿ ಬಿಡಿ, ನನ್ನ ಕಣ್ಣೆದುರಿಗೇ ಇರುತ್ತೀರಿ ಎಂದಳು. ಮಂಗಳೂರಿನಿಂದ ದೋಣಿ ಬಂತು, ಜೊತೆಗೆ ನೀರಿನಲ್ಲಿ ತೇಲಿಸುವ ಜಾಕೆಟ್ಟೂ ಬಂತು. ಈಜು ಬಾರದ ಮಲ್ಲಿಕಾರ್ಜುನ ಅದನ್ನು ಮಡಚಿ ಕೂರಲು ಹಾಕಿಕೊಂಡ. ವಸಂತಮ್ಮ ನೋಡಿಯೂ ಏನೂ ಅನ್ನಲಿಲ್ಲ. ಎಷ್ಟೋ ವರ್ಷದ ಮೇಲೆ ಭಾನುವಾರ ಹೊಟ್ಟೆ ತುಂಬ ಉಂಡಳು, ಪುಣ್ಯಾತ್ಗಿತ್ತಿ.

ಮಾರ್ಚಿನಲ್ಲಿ ಕಾಫಿ ಹೂ ಅರಳಲೆಂದು ಸ್ಪ್ರಿಂಕ್ಲರಿನಲ್ಲಿ ನೀರು ಚಿಮ್ಮಿಸುತ್ತಾರಲ್ಲ, ಆ ವಾರವೆಲ್ಲ ಪಂಪು ಕೆರೆಯ ನೀರೆತ್ತಿತ್ತು. ಕೆರೆ ತೋಡಿಸುವಾಗ ಬಿಟ್ಟಿದ್ದ ಮರದ ಬೊಡ್ಡೆಗಳು ಈಗ ನೀರಿನ ಮಟ್ಟಕ್ಕೆ ಗೇಣಷ್ಟೇ ಕೆಳಗಿದ್ದವು. ನೀರು ಇಳಿದದ್ದು ಗಂಡಹೆಂಡಿರಿಬ್ಬರಿಗೂ ಗೊತ್ತು. ಹೂವಿನ ಚಿಂತೆ ಮಾಡಿದರೇ ಹೊರತು ದೋಣಿಯ ಚಿಂತೆ ಮಾಡಲಿಲ್ಲ. ಆ ಭಾನುವಾರ ಸಂಜೆ ಕಾಫಿ ಲೋಟ ಹಿಡಿದು ಕೆರೆ ಏರಿಯ ಮೇಲೆ ನಿಂತಿದ್ದ ವಸಂತಮ್ಮನ ಎದುರೇ ದೋಣಿ ಬೊಡ್ಡೆಗೆ ಬಡಿದು ಮಗುಚಿತು. ಜಾಕೆಟ್ಟು ತೇಲಿತು, ಗಂಡ ಕಾಣಲಿಲ್ಲ.

“ಗುರುವಯ್ಯಾ! ಯಜಮಾನ್ರು! ಅಯ್ಯೋ, ಓಡಿ ಬಾ ಮಾರಾಯಾ!”

ಪಂಪು ನೋಡುವ ಗುರುವಯ್ಯ ಕೈಯಲ್ಲಿದ್ದ ಸ್ಪ್ರಿಂಕ್ಲರ್ ಪೈಪನ್ನೇ ಚಾಚಿ ಎದೆಮಟ್ಟ ನೀರಿಗಿಳಿದ. ಮಲ್ಲಿಕಾರ್ಜುನನ ತಲೆ ಎದ್ದಿತು, ಮತ್ತೆ ಮುಳುಗಿತು. ಕೊನೆಗೆ ಒಂದು ಕೈ ಮೇಲೆ ಬಂದು ಪೈಪು ಹಿಡಿಯಿತು.

ದಡದಲ್ಲಿ ನೀರು ಕಾರುತ್ತ ನಡುಗುತ್ತಿದ್ದವನ ಭುಜ ಹಿಡಿದು ಅಲುಗಿಸಿದಳು. “ವಿಮಾನಕ್ಕೆ ಅಷ್ಟೆಲ್ಲಾ ನೋಡ್ತಿದ್ರಲ್ಲ, ಇದಕ್ಕೆ ಏನು ನೋಡಿದ್ರಿ?”

“ಇದಕ್ಕೇನೇ ನೋಡೋದು? ನಮ್ಮದೇ ಕೆರೆ ಅಲ್ವಾ?”

ಅವಳು ಅವನ ಭುಜದಿಂದ ಕೈ ತೆಗೆದಳು. ತಾನೂ ಹಾಗೆಂದುಕೊಂಡೇ ಅಲ್ಲವೇ ಅವನನ್ನು ಇಲ್ಲಿ ಇಳಿಸಿದ್ದು!

ಮುಂದಿನ ಭಾನುವಾರ ಜೀಪಿನ ಕೀಯನ್ನು ತಾನೇ ತಂದು ಅವನ ಕೈಗಿಟ್ಟಳು. “ಹಾರಿ ಬನ್ನಿ. ಬೆಲ್ಟು ಮರೀಬೇಡಿ.” ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಫೋನಿನ ಪಕ್ಕ ಹೋಗಿ ಕೂತಳು. ಆವತ್ತೂ ನೀರು ಮುಟ್ಟಲಿಲ್ಲ.