ನಮ್ಮ ಚರ್ಚಿನಲ್ಲಿ ಯಾರಿಗೂ ಮೊಣಕಾಲು ನೋವಿಲ್ಲ

ಹೋದ ಭಾನುವಾರ ಒಂದು ಸಂತೋಷದ ಸುದ್ದಿ ಕೇಳಿದೆ. ವಾಡಿಯ ನಮ್ಮ ಚರ್ಚಿಗೆ ಸೇರಿದ ಮನೆಗಳಲ್ಲಿ ಕಾಯಿಲೆಯವರು ಒಬ್ಬರೂ ಇಲ್ಲವಂತೆ. ಹಾಸಿಗೆ ಹಿಡಿದವರಿಲ್ಲ, ಕೋಲು ಹಿಡಿದವರಿಲ್ಲ. ಪ್ರತಿಯೊಬ್ಬರೂ ಪ್ರತಿ ಭಾನುವಾರ ಪೂಜೆಗೆ ಬರುತ್ತಾರಂತೆ!

ನಾನು ಹೇಳಿದ್ದಲ್ಲ. ಫಾರಂ ಹೇಳಿದ್ದು.

ಹೊಸದಾಗಿ ಬಂದಿರುವ ಫಾದರ್‌ಗೆ ಉತ್ಸಾಹ ಜಾಸ್ತಿ. ಮುಂದಿನ ಐದು ವರ್ಷ ಚರ್ಚು ಏನೇನು ಮಾಡಬೇಕು ಅಂತ ಪ್ಲಾನ್ ಹಾಕಲು ಮನೆಮನೆಗೆ ಫಾರಂ ಹಂಚಿಸಿದರು. ಹಂಚಿದವಳು ನಾನೇ. (ಸಮಿತಿಯಲ್ಲಿ ಬಾಯಿ ಜೋರಿದ್ದವರಿಗೆ ಇಂಥ ಕೆಲಸ ತಪ್ಪುವುದಿಲ್ಲ.) ಅದರಲ್ಲಿ ಒಂಬತ್ತನೇ ಪ್ರಶ್ನೆ ಹೀಗಿತ್ತು: 'ನಿಮ್ಮ ಮನೆಯಲ್ಲಿ ಭಾನುವಾರದ ಪೂಜೆಗೆ ಬರಲಾಗದವರು ಯಾರು? ಕಾರಣವೇನು?'

ಎಲ್ಲ ಫಾರಂಗಳಲ್ಲೂ ಆ ಜಾಗ ಖಾಲಿ.

ಪೂಜೆ ಮುಗಿದ ಮೇಲೆ ಸಮಿತಿಯ ಸಭೆ ಸೇರಿತು. ಫಾದರ್ ಫಾರಂಗಳ ಕಟ್ಟನ್ನು ಮೇಜಿನ ಮೇಲಿಟ್ಟರು. (ಅವರು ಕರಾವಳಿ ಕಡೆಯವರು, ಮಾತು ಪುಸ್ತಕದ ಹಾಗೆ.) "ಪ್ರತಿ ವಾರ ಇಲ್ಲಿಂದ ನಾನು ಶಹಾಬಾದಕ್ಕೆ ಓಡಬೇಕು, ಆಮೇಲೆ ಸೇಡಂ. ಹಾಗಾಗಿ ಬರಲಾಗದವರ ಮನೆಗೆ ಪರಮಪ್ರಸಾದದ ರೊಟ್ಟಿ ಒಯ್ಯಲು ನಿಮ್ಮಲ್ಲೇ ಮೂವರಿಗೆ ತರಬೇತಿ ಕೊಡಿಸೋಣ ಅಂತಿದ್ದೆ. ಆದರೆ ಅಂಥವರು ಇಲ್ಲವೇ ಇಲ್ಲವಲ್ಲ! ಅದನ್ನು ಬಿಟ್ಟು ಹೊಸ ಮೈಕ್ ಸೆಟ್ ಸೇರಿಸೋಣ."

ನಾನು ಫ್ಯಾನ್ ನೋಡಿದೆ. ಪಕ್ಕದಲ್ಲಿದ್ದ ಪೀಟರಣ್ಣ ತನ್ನ ಚಪ್ಪಲಿ ನೋಡಿಕೊಂಡ. ರೈಲ್ವೆಯಲ್ಲಿ ರಿಟೈರ್ ಆದವನು. ಅವನ ಹೆಂಡತಿಗೆ ಲಕ್ವಾ ಹೊಡೆದು ವರ್ಷವಾಯಿತು, ಅದು ನನಗೆ ಗೊತ್ತು. ನಮ್ಮ ಅತ್ತೆಯ ಮೊಣಕಾಲಿನ ಕಥೆ ಅವನಿಗೆ ಗೊತ್ತು. ಮೈಕ್ ಸೆಟ್ ಪಾಸಾಯಿತು.

ಯಾಕೆ ಹೀಗೆ? ಭಾನುವಾರದ ಪೂಜೆ ತಪ್ಪಿಸಿದರೆ ಪಾಪ ಅನ್ನುವ ಭಯ ನಮ್ಮವರಿಗೆ ಚಿಕ್ಕಂದಿನಿಂದ. ಕಾಯಿಲೆಯವರಿಗೆ ಆ ಕಡ್ಡಾಯವಿಲ್ಲ ಎಂದು ಧರ್ಮೋಪದೇಶದ ಪುಸ್ತಕವೇ ಹೇಳುತ್ತದೆ. ಅದನ್ನು ಮಕ್ಕಳಿಗೆ ಕಲಿಸುವ ಟೀಚರ್ ಯಾರು ಗೊತ್ತೇ? ಇದೇ ನಾನು!

ಆದರೂ ಫಾರಂ ತುಂಬುವಾಗ ಅತ್ತೆ ಮಂಚದ ಮೇಲಿಂದಲೇ ತಾಕೀತು ಮಾಡಿದ್ದರು. "ನಾ ಚರ್ಚಿಗಿ ಬರಂಗಿಲ್ಲಂತ ಬರೀಬ್ಯಾಡ ನೋಡು. ಇಷ್ಟು ವರ್ಷ ಒಂದು ಐತ್ವಾರ ತಪ್ಪಿಸಿಲ್ಲ ನಾ. ಮಂದಿ ಏನಂದಾರು?"

ಖಾಲಿ ಬಿಟ್ಟೆ. ಹಿರಿಯರ ಮಾತು, ನನ್ನದೇನು ತಪ್ಪು?

ಸಭೆ ಮುಗಿಸಿ ಮನೆಗೆ ಬಂದಾಗ ಅತ್ತೆ ತಲೆ ಬಾಚಿ, ಸೆರಗು ಹೊದ್ದು, ಜಪಸರ ಹಿಡಿದು ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಈಸ್ಟರ್ ಆದಾಗಿನಿಂದ ಪ್ರತಿ ಭಾನುವಾರವೂ ಹೀಗೇ. ಅಂದಿನಿಂದ ಅವರಿಗೆ ಪರಮಪ್ರಸಾದ ಸಿಕ್ಕಿಲ್ಲ.

"ಫಾದರು ಇವತ್ತರೆ ಬರ್ತಾರೇನವ್ವ?"

"ಅವರ್ಯಾಕ ಬರ್ತಾರ್ರಿ ಅತ್ತಿ? ನೀವೇ ಪೂಜಿಗಿ ಹೋಗ್ಲಿಕತ್ತೀರಂತ ಫಾರಂ ಹೇಳ್ತದ." ತರಬೇತಿ ಕೈಬಿಟ್ಟದ್ದನ್ನೂ ಹೇಳಿದೆ.

ಜಪಸರದ ಮೇಲೆ ಅವರ ಬೆರಳು ನಿಂತಿತು. "ನಾ ಬ್ಯಾಡಂದ್ರ ನೀ ಬಿಟ್ಟೇಬಿಟ್ಟಿ?"

"ನೀವೇ ಹೇಳಿದ್ರಲ್ರಿ!"

"ಮೂವತ್ತು ವರ್ಷದಾಗ ನಾ ಹೇಳಿದ್ದು ಒಂದರೆ ಕೇಳೀಯೇನು? ಇದೊಂದೇ ಯಾಕ ಕೇಳ್ದಿ?"

ಉತ್ತರ ನನ್ನ ಬಳಿ ಇತ್ತು. ಅವರಿಗೆ ಹೇಳಲು ಬಾಯಿ ಬರಲಿಲ್ಲ, ನಿಮಗೆ ಹೇಳುತ್ತೇನೆ. ಧರ್ಮೋಪದೇಶದ ಟೀಚರ್ ಮನೆಯಿಂದಲೇ ಒಬ್ಬರು ಪೂಜೆಗೆ ಬರುತ್ತಿಲ್ಲ ಎಂದು ಫಾದರ್ ಓದುವುದು ನನಗೇ ಬೇಡವಾಗಿತ್ತು. ಅತ್ತೆಯ ಮಾತು ಬರೀ ನೆಪ. ನಾಚಿಕೆಯಾಗುತ್ತಿದೆ.

ವಾರವಿಡೀ ಸಮಾಧಾನವಿಲ್ಲ. ಎರಡು ಸಲ ಹಾಲು ಉಕ್ಕಿಸಿದೆ. ಚಿತ್ತಾಪುರಕ್ಕೆ ಹೋಗಬೇಕಾದವಳು ಶಹಾಬಾದದ ಬಸ್ಸು ಹತ್ತಿ ಕೂತಿದ್ದೆ. ಪೀಟರಣ್ಣನಿಗೆ ಫೋನ್ ಮಾಡಿದರೆ, "ಬರೋ ಐತ್ವಾರ ಸಭಾದಾಗ ನೀ ಕೈ ಎತ್ತು ತಂಗಿ, ನಿನ್ನ ಹಿಂದ ನಾನೂ ಎತ್ತತೀನಿ" ಅಂದ. "ನೀನ ಮೊದಲ ಎತ್ತಣ್ಣ" ಅಂದೆ ನಾನು. ಅಲ್ಲಿಗೆ ಫೋನ್ ಇಟ್ಟೆವು.

ಬರುವ ಭಾನುವಾರ ಇನ್ನೊಂದು ಸಭೆ, ಅದಾದ ಮೇಲೆ ಪ್ಲಾನ್ ಬಿಷಪ್ ಹೌಸಿಗೆ ಹೋಗುತ್ತದೆ. ಅದು ಐದು ವರ್ಷದ ಪ್ಲಾನ್. ಅತ್ತೆಗೀಗ ಎಂಬತ್ತೆರಡು. ಹೊಸ ಮೈಕ್ ಬಂದರೆ ಪೂಜೆ ರಸ್ತೆಯವರೆಗೆ ಕೇಳಿಸೀತು, ನಮ್ಮ ಮನೆಯ ಮಂಚದವರೆಗೆ ಕೇಳಿಸುತ್ತದೆಯೇ? ಚರ್ಚಿನ ಭವಿಷ್ಯ ಅನ್ನುತ್ತೇವಲ್ಲ, ಅದರಲ್ಲಿ ಅತ್ತೆ ಇಲ್ಲವೇ?

ಸಭೆಯಲ್ಲಿ ಕೈ ಎತ್ತುವ ಧೈರ್ಯ ಬರುತ್ತದೋ ಇಲ್ಲವೋ, ನನ್ನನ್ನು ನಾನೇ ನಂಬಲಾರೆ. ಈ ಅಂಕಣ ಶನಿವಾರ ಬರುತ್ತದೆ. ಫಾದರ್ ತಪ್ಪದೆ ಓದುತ್ತಾರೆ.

ಒಂಬತ್ತನೇ ಪ್ರಶ್ನೆಗೆ ನನ್ನ ಉತ್ತರ: ನಮ್ಮ ಅತ್ತೆ ಮರಿಯಮ್ಮ. ಕಾರಣ: ಮೊಣಕಾಲು.

ಈಗ ಹೇಳಿ ಫಾದರ್, ಯಾವ ಭಾನುವಾರ ಬರುತ್ತೀರಿ?